ಮೊದಲ ಮೆಟ್ಟಿಲು ಕೊಟ್ಟರೆ ಸಾಕಾ?

2002, ಆಸ್ಟ್ರಿಯಾ ರೇಸ್. ಫೆರಾರಿಯ ರೂಬೆನ್ಸ್ ಬ್ಯಾರಿಕೆಲೊ ಮುಂದಿದ್ದ. ಗೆಲುವಿಗೆ ಇನ್ನು ಕೆಲವೇ ಮೀಟರ್ ಅನ್ನುವಾಗ ವೇಗ ಇಳಿಸಿದ. ತಂಡದ ಆಜ್ಞೆ. ಹಿಂದಿದ್ದ ಜೊತೆಗಾರ ಮೈಕೆಲ್ ಶೂಮಾಕರ್ ಗೆದ್ದ. ಜನ ಕೂಗಿ ಛೀಮಾರಿ ಹಾಕಿದರು. ಮುಜುಗರಪಟ್ಟ ಶೂಮಾಕರ್, ಬ್ಯಾರಿಕೆಲೊನನ್ನು ಪೋಡಿಯಂನ ಮೊದಲ ಮೆಟ್ಟಿಲಿಗೆ ಹತ್ತಿಸಿದ. ಗೆಲುವಿನ 10 ಅಂಕ ಮಾತ್ರ ಅವನ ಖಾತೆಯಲ್ಲೇ ಉಳಿಯಿತು.

ತಂಡ ಅಂದಮೇಲೆ ಆಜ್ಞೆ ಇದ್ದೇ ಇರುತ್ತೆ. ಎಲ್ಲ ಆಜ್ಞೆಯೂ ಅನ್ಯಾಯವಲ್ಲ. 2024ರ ಹಂಗೆರಿಯಲ್ಲಿ ಮೆಕ್‌ಲಾರೆನ್, ಎರಡನೆಯವನಾಗಿದ್ದ ಲ್ಯಾಂಡೊ ನಾರಿಸ್‌ನನ್ನು ಮೊದಲು ಪಿಟ್‌ಗೆ ಕರೆಯಿತು. ಅದರಿಂದಲೇ ಅವನು ಆಸ್ಕರ್ ಪಿಯಾಸ್ಟ್ರಿಯನ್ನು ದಾಟಿದ. ಕೊನೆಯ ಸುತ್ತುಗಳಲ್ಲಿ ತಂಡ ಹೇಳಿದಂತೆ ಜಾಗ ಬಿಟ್ಟುಕೊಟ್ಟ. ಅದು ತ್ಯಾಗವಲ್ಲ, ಕೈಗಡ ತೀರಿಸಿದ್ದು. ಬ್ಯಾರಿಕೆಲೊಗೆ ಅಂಥ ಯಾವ ಸಾಲವೂ ಇರಲಿಲ್ಲ.

ಇದನ್ನೆಲ್ಲ ಹೇಳೋಕೆ ನಾನ್ಯಾರು? ಎರಡು ವರ್ಷದ ಹಿಂದೆ ನಮ್ಮ ಟೀಮಿನ ಹುಡುಗಿಯೊಬ್ಬಳು ರಾತ್ರಿಯೆಲ್ಲ ಕೂತು ಮಾಡಿದ ಕೆಲಸವನ್ನು ಕ್ಲೈಂಟ್ ಮುಂದೆ ನಾನು ಪ್ರೆಸೆಂಟ್ ಮಾಡಿದೆ. "ಈ ಸಲ ಪ್ರಮೋಷನ್‌ಗೆ ನಿನ್ನ ಹೆಸರಿದೆ, ನೀನೇ ಮಾಡು" ಅಂದಿದ್ದರು ಮ್ಯಾನೇಜರ್. ಕೊನೆಯ ಸ್ಲೈಡಿನಲ್ಲಿ ಅವಳ ಹೆಸರು ಹಾಕಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಮೋಷನ್ ನನಗಾಯ್ತು.

ನಮ್ಮೂರಲ್ಲಿ ಇನ್ನೊಬ್ಬರ ಗದ್ದೆಯ ನೀರಿನ ಪಾಳಿ ಬಳಸಿಕೊಂಡರೆ, ನಮ್ಮದೊಂದು ಪಾಳಿ ಬಿಟ್ಟುಕೊಡಬೇಕು. ಮನೆಗೆ ಕರೆದು ಕಾಫಿ ಕೊಟ್ಟರೆ ತೀರಲ್ಲ. ಈ ಸಲದ ಅಪ್ರೈಸಲ್‌ನಲ್ಲಿ ಆ ಕೆಲಸ ಅವಳದ್ದು ಅಂತ ಬರೆದುಕೊಟ್ಟಿದ್ದೇನೆ. ಮ್ಯಾನೇಜರ್‌ಗೆ ಇಷ್ಟವಾಗಲಿಲ್ಲ. ಅವಳಿಗೆ ಎರಡು ವರ್ಷ ತಡವಾಗಿದೆ, ಅದನ್ನು ಹೇಗೆ ತೀರಿಸೋದು ಅಂತ ನನಗಿನ್ನೂ ಗೊತ್ತಾಗಿಲ್ಲ.