ಭಾನುವಾರದ ಓಟವೂ ಆಳಿನ ವಿಶ್ರಾಂತಿಯೂ

ಬೆಂಗಳೂರು ಪಟ್ಟಣದಲ್ಲಿ 2008ನೆಯ ಇಸವಿಯಿಂದ ಬಹುಮಟ್ಟಿಗೆ ವರ್ಷಕ್ಕೊಂದಾವರ್ತಿ ಹತ್ತು ಕಿಲೋಮೀಟರ್ ದೂರದ ದೊಡ್ಡದೊಂದು ಓಟದ ಪಂದ್ಯವು ನಡೆಯುತ್ತಾ ಬಂದಿದೆ. ಜನರು ಇದನ್ನು ಟೆನ್ ಕೆ ಓಟವೆಂದು ಕರೆಯುತ್ತಾರೆ. ಕೆನ್ಯ, ಇಥಿಯೋಪಿಯ ಮುಂತಾದ ದೇಶಗಳ ಹೆಸರಾದ ಓಟಗಾರರು ಬಹುಮಾನಕ್ಕಾಗಿ ಮುಂದೆ ಓಡುತ್ತಾರೆ. ಅವರ ಹಿಂದೆ ಗೆಲ್ಲುವ ಆಸೆಯೇ ಇಲ್ಲದ ಜನಸಮೂಹವು ಓಡುತ್ತದೆ. ಈಚಿನ ವರ್ಷಗಳಲ್ಲಿ ಎಲ್ಲಾ ಬಗೆಯ ಓಟಗಳಲ್ಲಿಯೂ ಸೇರಿದವರನ್ನು ಕೂಡಿಸಿದರೆ 25,000ಕ್ಕೂ ಮಿಕ್ಕುತ್ತಾರೆ. 2022ರಲ್ಲಿ ಕೆನ್ಯ ದೇಶದ ನಿಕೊಲಸ್ ಕಿಮೆಲಿ ಎಂಬವನು ಆ ಹತ್ತು ಕಿಲೋಮೀಟರನ್ನು 27 ನಿಮಿಷ 38 ಸೆಕೆಂಡುಗಳಲ್ಲಿ ಓಡಿ ಮುಗಿಸಿದನು. ನಮ್ಮ ಹಳ್ಳಿಯವರಿಗೆ ಅಳತೆ ತಿಳಿಯಬೇಕಾದರೆ, ಅದು ಚಿತ್ರದುರ್ಗದಿಂದ ಹಿರಿಯೂರಿಗಿರುವ ಹೆದ್ದಾರಿಯ ಸುಮಾರು ಕಾಲುಪಾಲು. ಮ್ಯಾರಥಾನ್ ಎಂಬ ಇನ್ನೂ ದೊಡ್ಡ ಓಟವೋ 42 ಕಿಲೋಮೀಟರಿಗೆ ಮೇಲ್ಪಟ್ಟದ್ದು. ಅದನ್ನು ಓಡುವವನು ದುರ್ಗದಿಂದ ಹೊರಟು ಹಿರಿಯೂರು ಮುಟ್ಟುವ ತನಕ ನಿಲ್ಲದೆ ಓಡಿದಂತೆಯೇ ಸರಿ.

ಈ ಓಟವು ನಡೆಯುವದು ಭಾನುವಾರ ಬೆಳಿಗ್ಗೆ. ಬೇರೆ ದಿನದಲ್ಲಿ ಆ ಪಟ್ಟಣದ ಬೀದಿಗಳನ್ನು ಬಿಡಿಸಿಕೊಡುವದು ಯಾರಿಂದಲೂ ಆಗುವ ಕೆಲಸವಲ್ಲ. ಮೊದಲ ಹಲವು ವರ್ಷ ಓಟವು ಕಂಠೀರವ ಕ್ರೀಡಾಂಗಣದಿಂದ ಹೊರಡುತ್ತಿತ್ತು. ನಮ್ಮ ಕನ್ನಡ ಸಭೆಯವರ ಹಡ್ಸನ್ ಸ್ಮಾರಕ ದೇವಾಲಯವು ಅಲ್ಲಿಗೆ ಬಹು ಸಮೀಪ. ಹೊಸದುರ್ಗ ಹೊಳಲ್ಕೆರೆಗಳ ಕಡೆಯಿಂದ ಕೆಲಸಕ್ಕಾಗಿ ಬೆಂಗಳೂರು ಸೇರಿದ ಯೌವನಸ್ಥರು ನಮ್ಮ ಸಭೆಗಳಲ್ಲಿ ಅನೇಕರುಂಟು. ಅವರಲ್ಲಿ ಒಬ್ಬನು ಇಂಥ ಓಟದಲ್ಲಿ ಸೇರಿ, ಕೊರಳಲ್ಲಿ ಪದಕವಿರುವ ತನ್ನ ಪಟವನ್ನು ಮನೆಗೆ ಕಳುಹಿಸಿದರೆ, ತಾಯಿ ಹಿಗ್ಗುತ್ತಾಳೆ, ಸಭೆಯ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಕರ್ತನ ದಿನದಲ್ಲಿ ಓಡಬಹುದೋ ಎಂಬ ಪ್ರಶ್ನೆಯು ಹೀಗೆ ನಮ್ಮ ಹಟ್ಟಿಗಳ ತನಕ ಬಂದು ಮುಟ್ಟಿದೆ. ಇದನ್ನು ಹುಡುಗರ ಮಾತೆಂದು ತಳ್ಳಿಬಿಡುವದು ನಮಗೆ ಸರಿ ಕಾಣುವದಿಲ್ಲ.

ಓಟವೇ ಲೋಕದ ಆಡಂಬರ, ಅದರಲ್ಲಿ ವಿಶ್ವಾಸಿಗೆ ಪಾಲಿಲ್ಲ ಎನ್ನುವವರಿಗೆ ಮೊದಲು ಒಂದು ಮಾತು. ಪೌಲನು ಕೊರಿಂಥದ ಸಭೆಗೆ ಬರೆಯುವಾಗ ಓಟಗಾರನನ್ನೇ ದೃಷ್ಟಾಂತವಾಗಿ ತೆಗೆದುಕೊಂಡನೆಂಬದು ನಮಗೆಲ್ಲಾ ತಿಳಿದದ್ದೇ. ಆ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯದ ಆಟಗಳು ನಡೆಯುತ್ತಿದ್ದವು. ಅವು ಪೊಸೈದೋನನೆಂಬ ಸಮುದ್ರದೇವತೆಯ ಹೆಸರಿನಲ್ಲಿ ನಡೆದವುಗಳು. ಗೆದ್ದವನಿಗೆ ಸಿಕ್ಕುತ್ತಿದ್ದದ್ದು ಮರದ ಎಲೆಯ ಅಥವಾ ಒಣಗಿದ ಸೊಪ್ಪಿನ ಕಿರೀಟ. ಇದೆಲ್ಲಾ ತಿಳಿದಿದ್ದೂ ಅಪೊಸ್ತಲನು ಓಟಗಾರನನ್ನು ಹಳಿಯಲಿಲ್ಲ. ಅವನು ಮೈಯನ್ನು ಹದದಲ್ಲಿಟ್ಟುಕೊಳ್ಳುವ ರೀತಿಯನ್ನು ನೋಡಿ ಸಭೆಯವರು ಕಲಿಯಲಿ ಎಂದನು. ಆದಕಾರಣ ಮೈಯ ಬಲವನ್ನು ಪರೀಕ್ಷಿಸುವದು ತಾನೇ ಪಾಪವಲ್ಲ. ಹಣ ಕೊಟ್ಟು ಓಡುವ ಪಟ್ಟಣದವರನ್ನು ಕಂಡು, ದಿನವೆಲ್ಲಾ ಹೊಲದಲ್ಲಿ ಬಗ್ಗಿದವರು ನಗುವದು ಸಹಜ. ಆದರೆ ನಗೆಯು ತೀರ್ಪಾಗುವದಿಲ್ಲ.

ದಿನದ ಸಂಗತಿ ಬೇರೆ. ಈ ವಿಷಯದಲ್ಲಿ ನಮ್ಮ ಹಿರಿಯರು ಸಾಧಾರಣವಾಗಿ ವಿಮೋಚನಕಾಂಡದ ಆಜ್ಞೆಯನ್ನು ಎತ್ತಿ ಹೇಳುತ್ತಾರೆ. ಅದೇ ಆಜ್ಞೆಯು ಧರ್ಮೋಪದೇಶಕಾಂಡದಲ್ಲಿ ಎರಡನೆಯ ಸಾರಿ ಬರುವಾಗ ಅದಕ್ಕೆ ಕೊಡಲ್ಪಟ್ಟ ಕಾರಣವನ್ನು ಓದಿದವರು ಕಡಿಮೆ. ಅಲ್ಲಿ ಆಳುಗಳಿಗೂ ಎತ್ತು ಕತ್ತೆಗಳಿಗೂ ಊರಲ್ಲಿರುವ ಪರದೇಶಿಗೂ ವಿಶ್ರಾಂತಿ ಸಿಕ್ಕಬೇಕೆಂದೂ, ನೀವೂ ಐಗುಪ್ತದಲ್ಲಿ ದಾಸರಾಗಿದ್ದವರೇ ಎಂಬದನ್ನು ಮರೆಯಬಾರದೆಂದೂ ಹೇಳಿದೆ. ನಮ್ಮ ಸೀಮೆಯ ಹಟ್ಟಿಗಳಲ್ಲಿ ಹುಟ್ಟಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಕೋ? 1976ರ ಕಾಯಿದೆಯು ಜೀತವನ್ನು ತೆಗೆದುಹಾಕುವದಕ್ಕೆ ಮುಂಚೆ, ಅಜ್ಜನು ತೆಗೆದ ಸಾಲಕ್ಕೆ ಮೊಮ್ಮಗನು ಗೌಡನ ಕೊಟ್ಟಿಗೆಯಲ್ಲಿ ದುಡಿದ ಮನೆಗಳು ನಮ್ಮಲ್ಲಿ ಇಲ್ಲವೇ? ಜೀತದಾಳಿಗೆ ಭಾನುವಾರವೆಂಬ ದಿನವೇ ಇರಲಿಲ್ಲ. ಕರ್ತನ ದಿನವು ನಮ್ಮ ಹಿರಿಯರಿಗೆ ಮೊದಲು ಬಂದದ್ದು ಒಂದು ನಿಯಮವಾಗಿ ಅಲ್ಲ, ಯಾವ ಯಜಮಾನನೂ ಕೊಡದೆ ಇದ್ದ ಒಂದು ಬಿಡುವಾಗಿ ಬಂತು. ಸಭೆಯು ಏಳನೆಯ ದಿನವನ್ನು ಬಿಟ್ಟು ಪುನರುತ್ಥಾನದ ದಿನವನ್ನು ಆಚರಿಸಿದರೂ ಈ ವರವನ್ನು ಕಳಕೊಳ್ಳಲಿಲ್ಲ.

ಕಷ್ಟಕಾಲದ ಕೆಲಸವನ್ನು ಇದರೊಳಗೆ ತರಬೇಡಿರಿ. ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿಬಿದ್ದ ಮೇಲೆ ತಿರಿಗಿ ಕೋಡಿಬಿದ್ದದ್ದು 2022ರಲ್ಲಿ. ಮಳೆಯು ಇಷ್ಟು ಅಪರೂಪವಾದ ಸೀಮೆಯಲ್ಲಿ ಬಿತ್ತನೆಯ ಹದವು ಭಾನುವಾರವೇ ಬಂದರೆ ಶೇಂಗಾ ಬಿತ್ತುವವನನ್ನು ನಾವು ದೂರುವದಿಲ್ಲ. ಗುಂಡಿಗೆ ಬಿದ್ದ ಕುರಿಯನ್ನು ಸಬ್ಬತ್ತಿನಲ್ಲಿ ಎತ್ತುವದನ್ನು ಸ್ವಾಮಿಯೇ ಒಪ್ಪಿದನಲ್ಲಾ. ಆದರೆ ಪದಕವು ಗುಂಡಿಗೆ ಬಿದ್ದ ಕುರಿಯಲ್ಲ.

ಇಂಥ ಮಾತು ಬಂದಾಗಲೆಲ್ಲಾ ಎರಿಕ್ ಲಿಡೆಲ್‌ರವರ ಹೆಸರು ಕೇಳಿಬರುತ್ತದೆ. ಅವರು 1902ರಲ್ಲಿ ಚೀನಾ ದೇಶದ ಟಿಯೆನ್‌ಸಿನ್ ಪಟ್ಟಣದಲ್ಲಿ ಮಿಷನೆರಿಗಳ ಮಗನಾಗಿ ಹುಟ್ಟಿದರು. ಅವರ ತಂದೆಯನ್ನು ಅಲ್ಲಿಗೆ ಕಳುಹಿಸಿದ್ದು ಲಂಡನ್ ಮಿಷನ್ ಸಂಘ. ನಮ್ಮ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದು ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವದರಲ್ಲಿ ಕಷ್ಟಪಟ್ಟ ಹ್ಯಾಂಡ್ಸ್ ಅಯ್ಯನವರೂ ಅದೇ ಸಂಘದವರು. ಆದ್ದರಿಂದ ಲಿಡೆಲ್‌ರವರು ನಮಗೆ ತೀರಾ ಹೊರಗಿನವರಲ್ಲ. 1924ರಲ್ಲಿ ಪ್ಯಾರಿಸಿನಲ್ಲಿ ಒಲಿಂಪಿಕ್ ಆಟಗಳು ನಡೆದಾಗ ಅವರ ಮುಖ್ಯವಾದ ಓಟವು ನೂರು ಮೀಟರಿನದು. ಅದರ ಮೊದಲ ಸುತ್ತು ಜುಲೈ 6ರ ಭಾನುವಾರ ಬಿದ್ದಿತ್ತು. ನಾನು ಆ ದಿನ ಓಡುವದಿಲ್ಲವೆಂದು ಅವರು ತಿಂಗಳುಗಳ ಮುಂಚೆಯೇ ತಿಳಿಸಿದರು. (ಹಡಗು ಹತ್ತುವ ಗಳಿಗೆಯಲ್ಲಿ ಸುದ್ದಿ ತಿಳಿಯಿತೆಂದು 1981ರ ಚಲಚ್ಚಿತ್ರವೊಂದು ತೋರಿಸುವದು ಕಥೆಯ ರುಚಿಗಾಗಿ.) ಅದರ ಬದಲು ನಾನೂರು ಮೀಟರಿನ ಓಟಕ್ಕೆ ಮೈ ಪಳಗಿಸಿಕೊಂಡು, ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಅದನ್ನು ಗೆದ್ದರು. ಮರುವರ್ಷವೇ ಕೀರ್ತಿಯನ್ನೆಲ್ಲಾ ಬಿಟ್ಟು ಚೀನಾದಲ್ಲಿ ಉಪದೇಶಕ್ಕೂ ಪಾಠಶಾಲೆಯ ಕೆಲಸಕ್ಕೂ ಹೊರಟುಹೋದರು.

ಈ ಕಥೆಯನ್ನು ಹೇಳುವವರು ಬಹುಮಟ್ಟಿಗೆ ಇಲ್ಲಿಗೆ ನಿಲ್ಲಿಸುತ್ತಾರೆ. ಭಾನುವಾರವನ್ನು ಬಿಡದೆ ಇದ್ದದರಿಂದ ದೇವರು ಚಿನ್ನದ ಪದಕ ಕೊಟ್ಟನೆಂಬದು ಅವರ ತಾತ್ಪರ್ಯ. ಈ ತಾತ್ಪರ್ಯವು ನಮಗೆ ಹಿಡಿಸುವದಿಲ್ಲ. ನಾನೂರು ಮೀಟರಿನಲ್ಲಿ ಅವರು ಕಡೆಯವರಾಗಿ ಬಂದಿದ್ದರೆ ಅವರು ಮಾಡಿದ್ದು ತಪ್ಪಾಗುತ್ತಿತ್ತೇ? ಹರಕೆ ಕಟ್ಟಿ ಫಲ ಕೇಳುವ ಹಳೆಯ ವ್ಯಾಪಾರವನ್ನು ಬಿಟ್ಟುಬಂದ ನಾವು ಅದನ್ನೇ ಬೇರೆ ಹೆಸರಿನಿಂದ ಮನೆಗೆ ಸೇರಿಸಬಾರದು.

ಲಿಡೆಲ್‌ರವರ ಕಥೆಯ ಮುಂದಿನ ಭಾಗವೇ ನಮಗೆ ಹೆಚ್ಚು ಬೇಕಾದದ್ದು. ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಜಪಾನಿಯರು ಅವರನ್ನು ಇತರ ಪರದೇಶಸ್ಥರ ಸಂಗಡ ವೆಯ್‌ಶಿಯೆನ್ ಎಂಬಲ್ಲಿಯ ಸೆರೆಶಿಬಿರದಲ್ಲಿಟ್ಟರು. ಹೆಂಡತಿಯೂ ಮಕ್ಕಳೂ ಅದಕ್ಕೆ ಮುಂಚೆಯೇ ಕೆನಡ ದೇಶಕ್ಕೆ ಹೋಗಿದ್ದರು; ಕಡೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. ಶಿಬಿರದಲ್ಲಿ ತಂದೆತಾಯಿಗಳಿಂದ ಅಗಲಿದ ಶಾಲಾಮಕ್ಕಳು ಬಹಳ ಮಂದಿ ಇದ್ದರು. ಲಿಡೆಲ್‌ರವರು ಅವರಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಮಾತ್ರ ಆಟಕ್ಕೆ ಬರಲೊಲ್ಲೆವೆಂದರು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಹೋಗಿ, ತೀರ್ಪು ಹೇಳುವವರಿಲ್ಲದೆ ಹೊಡೆದಾಟಕ್ಕೆ ನಿಂತರು. ಮುಂದಿನ ಭಾನುವಾರ ಲಿಡೆಲ್‌ರವರು ತಾವೇ ಬಯಲಿಗೆ ಬಂದು ಆಟ ನಡಿಸಿದರು. ತನ್ನ ಕೀರ್ತಿಗಾಗಿ ಒಂದು ಭಾನುವಾರವನ್ನೂ ಕೊಡದ ಮನುಷ್ಯನು ದಿಕ್ಕಿಲ್ಲದ ಮಕ್ಕಳ ಸಮಾಧಾನಕ್ಕಾಗಿ ಅದನ್ನು ಕೊಟ್ಟನು. 1945ನೇ ಫೆಬ್ರವರಿ 21ರಂದು, ಬಿಡುಗಡೆಗೆ ಇನ್ನು ಆರು ತಿಂಗಳಿರುವಾಗ, ಮಿದುಳಿನ ಗೆಡ್ಡೆಯಿಂದ ಅವರು ಆ ಶಿಬಿರದಲ್ಲೇ ತೀರಿಕೊಂಡರು. ಅವರ ವಯಸ್ಸು ನಲವತ್ತಮೂರು.

ಅವರು ಮೊದಲು ಒಂದು ನಡತೆ, ಆಮೇಲೆ ಒಂದು ನಡತೆ ತೋರಿಸಿದರೆಂದು ಯಾರಾದರೂ ಹೇಳಾರು. ನಮ್ಮ ಎಣಿಕೆಯಲ್ಲಿ ಎರಡೂ ಒಂದೇ. ಎರಡರಲ್ಲಿಯೂ ಅವರು ತಮ್ಮ ಇಷ್ಟವನ್ನು ಹಿಂದಕ್ಕೆ ಹಾಕಿದರು.

ಇನ್ನು ಬೆಂಗಳೂರಿನ ಓಟಕ್ಕೆ ಬರೋಣ. ಓಟಗಾರರು ಬೀದಿಗೆ ಇಳಿಯುವದಕ್ಕೆ ಮುಂಚೆ ಪೊಲೀಸಿನವರು ರಾತ್ರಿಯಿಂದಲೇ ಚೌಕಗಳಲ್ಲಿ ನಿಲ್ಲಬೇಕು. ನೀರು ಹೊರುವವರು, ಬಸ್ಸು ನಡಿಸುವವರು, ಆಂಬುಲೆನ್ಸಿನವರು ಬೇಕು. ಓಡುವವರು ನೀರು ಕುಡಿದು ಬಿಸಾಡಿದ್ದನ್ನು ಗುಡಿಸಿ ಒಯ್ಯುವದಕ್ಕೆ ಪೌರಕಾರ್ಮಿಕರು ಬೇಕು. ಇವರಲ್ಲಿ ನಮ್ಮವರೇ ಎಷ್ಟೋ ಮಂದಿ. ಓಡಿದ ಹುಡುಗನ ಭಾನುವಾರ ಹೋಯಿತೆಂದು ದುಃಖಿಸುವ ಹಿರಿಯರು ಕಸ ಗುಡಿಸಿದ ತಂಗಿಯ ಭಾನುವಾರವನ್ನು ಕೇಳಿದರೇ? ಆಜ್ಞೆಯು ಮೊದಲು ನೆನಸುವದು ಅವಳನ್ನಲ್ಲವೇ?

ಹಾಗಾದರೆ ಓಡಬೇಕೆಂದಿರುವ ಯೌವನಸ್ಥನಿಗೆ ಏನು ಹೇಳತಕ್ಕದ್ದು? ಬೇಡವೆಂದು ಆಣೆ ಹಾಕುವ ಅಧಿಕಾರ ನಮಗಿಲ್ಲ. ಲಿಡೆಲ್‌ರವರೂ ತಮ್ಮ ಮನಸ್ಸಾಕ್ಷಿಯನ್ನು ಬೇರೆಯವರ ಹೆಗಲಿಗೆ ಹೊರಿಸಲಿಲ್ಲ. ಆದರೆ ಅವನು ಈ ಲೆಕ್ಕವನ್ನು ಮಾಡಿ ನೋಡಲಿ. ಪಂದ್ಯವು ವರ್ಷಕ್ಕೆ ಒಂದು ಭಾನುವಾರ. ಅದಕ್ಕಾಗಿ ಮೈ ಪಳಗಿಸುವ ದೂರದ ಓಟಗಳನ್ನು ಪಟ್ಟಣದ ಓಟಗಾರರು ಇಟ್ಟುಕೊಳ್ಳುವದು ಬಹುಮಟ್ಟಿಗೆ ಭಾನುವಾರಗಳಲ್ಲೇ, ವರ್ಷವೆಲ್ಲಾ. ಒಂದು ದಿನದ ವಿಷಯದಲ್ಲಿ ನಮಗೆ ಅಷ್ಟು ಚಿಂತೆಯಿಲ್ಲ. ಉಳಿದ ದಿನಗಳು ಸದ್ದಿಲ್ಲದೆ ಒಂದೊಂದಾಗಿ ಹೋಗುತ್ತವೆ. ಆರು ದಿನ ಗಾರ್ಮೆಂಟಿನಲ್ಲಿ ನಿಂತು ದುಡಿದ ಮೈಗೆ ಏಳನೆಯ ದಿನವೂ ಬಿಡುವಿಲ್ಲದಂತೆ ಮಾಡುವ ಗೌಡನು ಈಗ ಹೊರಗಿಲ್ಲ, ಅವನ ಕೈಗಡಿಯಾರದಲ್ಲೇ ಕೂತಿದ್ದಾನೆ. ಊರಲ್ಲಿ ಮಗನ ಫೋನಿಗಾಗಿ ಕಾದಿರುವ ಮುದುಕಿಗೂ ಆ ಭಾನುವಾರದಲ್ಲಿ ಪಾಲುಂಟು.

ಸಭೆಗಳಿಗೂ ಮಾಡಬೇಕಾದದ್ದೊಂದುಂಟು. ಬೆಳಿಗ್ಗೆ ಬೀದಿ ಗುಡಿಸುವವರು, ಬಸ್ಸು ನಡಿಸುವವರು, ಆಸ್ಪತ್ರೆಯಲ್ಲಿ ಪಾಳಿ ಇರುವವರು ಹತ್ತು ಗಂಟೆಯ ಆರಾಧನೆಗೆ ಬರಲಾರರು. ಸಾಯಂಕಾಲದ ಆರಾಧನೆಯನ್ನು ನಿಲ್ಲಿಸಿಬಿಟ್ಟಿರುವ ಸಭೆಗಳು ಅದನ್ನು ತಿರಿಗಿ ಆರಂಭಿಸಿ, ಇಂಥವರಿಗೆ ಅನುಕೂಲವಾದ ಗಂಟೆ ಯಾವದೆಂದು ಅವರನ್ನೇ ಕೇಳಿ ಗೊತ್ತುಮಾಡಲಿ.