ಬರಿಗೈಲಿ ಮರಳಿದವರ ಲೆಕ್ಕ

‘ಸರ್ವರ್ ಇಲ್ಲ, ನಾಳೆ ಬರ್ರಿ.’ ದೋರನಹಳ್ಳಿಯಂಥ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಈ ಮಾತಿಗೆ ಎದುರುಪ್ರಶ್ನೆ ಕಡಿಮೆ. ಮಳೆ ಬರಲಿಲ್ಲ ಎಂಬಷ್ಟೇ ಸಹಜವಾಗಿ ಒಪ್ಪಿಕೊಂಡು ಜನ ಚೀಲ ಮಡಚುತ್ತಾರೆ. ಆದರೆ ಮಳೆಗೆ ಒಡೆಯರಿಲ್ಲ, ಸರ್ವರ್‌ಗೆ ಇದ್ದಾರೆ. ಕೂಲಿ ಬಿಟ್ಟು ಬಂದವಳ ಆ ದಿನದ ನಷ್ಟಕ್ಕೆ ಹೊಣೆ ಯಾರು?

‘ಯಾರೂ ಅಲ್ಲ’ ಎನ್ನುವುದು ಸುಲಭ. ಯಂತ್ರದ ಮೇಲೆ ಬೆರಳಿಟ್ಟರೆ ಆ ಕೋರಿಕೆ ಮೊಬೈಲ್ ಜಾಲ, ಆಹಾರ ಇಲಾಖೆಯ ವ್ಯವಸ್ಥೆ, ಆಧಾರ್ ಪರಿಶೀಲನೆ ದಾಟಿ ಮರಳಬೇಕು. ಪ್ರತಿ ಕಂಪ್ಯೂಟರಿಗೂ ತನ್ನದೇ ಗಡಿಯಾರ, ತನ್ನದೇ ದಾಖಲೆ. ಸಂದೇಶ ತಲುಪುವ ಮೊದಲು ಅದನ್ನು ಯಾರೋ ಕಳಿಸಿರಲೇಬೇಕು. ಈ ಒಂದು ಎಳೆ ಹಿಡಿದು, ಗಡಿಯಾರಗಳನ್ನು ನಂಬದೆಯೇ ಘಟನೆಗಳ ಹಿಂದುಮುಂದನ್ನು ಹೇಳಬಹುದೆಂದು 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ತೋರಿಸಿದರು. ಇಂದು ಜೇಗರ್‌ನಂಥ ಸಲಕರಣೆಗಳು ಒಂದು ಕೋರಿಕೆಯ ಇಡೀ ಪಯಣವನ್ನು ಪಟ್ಟಿಗಳಾಗಿ ತೆರೆಯ ಮೇಲೆ ಬಿಡಿಸುತ್ತವೆ. ತಡವಾದ ಹಂತದ ಪಟ್ಟಿ ಉದ್ದ, ಸೋತ ಹಂತದ ಮೇಲೆ ಕೆಂಪು ಗುರುತು. ಹೊಣೆ ಹುಡುಕಲಾಗದು ಎಂಬ ನೆಪ ಅಲ್ಲಿಗೆ ಮುಗಿಯಿತು.

ಆದರೂ ಚಿತ್ರವೇ ನ್ಯಾಯವಲ್ಲ. ಗೂಗಲ್ ತನ್ನ ‘ಡ್ಯಾಪರ್’ ಬಗ್ಗೆ 2010ರಲ್ಲಿ ಬರೆದ ಪ್ರಬಂಧದ ಪ್ರಕಾರ, ಅದರ ಮೊದಲ ಆವೃತ್ತಿ ಸರಾಸರಿ 1024 ಕೋರಿಕೆಗಳಲ್ಲಿ ಒಂದರ ಜಾಡನ್ನಷ್ಟೇ ಉಳಿಸಿಕೊಳ್ಳುತ್ತಿತ್ತು. ಎಂಜಿನಿಯರಿಗೆ ಅಷ್ಟು ಸಾಕು. ಮತ್ತೆಮತ್ತೆ ಆಗುವ ದೋಷ ಆ ಒಂದರಲ್ಲೂ ಸಿಕ್ಕೀತು. ಅಕ್ಕಿ ಸಿಗದವಳಿಗೆ ಮಾತ್ರ ತಾನು ಸಾವಿರದಲ್ಲಿ ಒಬ್ಬಳಲ್ಲ, ತಾನೊಬ್ಬಳೇ.

ಇನ್ನೂ ಎರಡು ಸೋಲುಗಳು ತೆರೆಯ ಮೇಲೆ ಸೋಲಾಗಿ ಕಾಣುವುದಿಲ್ಲ. ಸಿಗ್ನಲ್ ಇಲ್ಲದೆ ಅಂಗಡಿಯಲ್ಲೇ ಸತ್ತ ಕೋರಿಕೆ ಸರ್ವರನ್ನು ಮುಟ್ಟುವುದೇ ಇಲ್ಲ, ಅಲ್ಲಿನ ದಾಖಲೆಯಲ್ಲಿ ಅದು ಹುಟ್ಟಿಯೇ ಇಲ್ಲ. ಹತ್ತಿ ಬಿಡಿಸಿ, ಕಳೆ ಕಿತ್ತು ಸವೆದ ಬೆರಳಿಗೆ ‘ಹೊಂದಲಿಲ್ಲ’ ಎಂಬ ಉತ್ತರ ಬಂದರೆ ತಂತ್ರಾಂಶದ ಮಟ್ಟಿಗೆ ಅದು ದೋಷವಲ್ಲ. ಪ್ರಶ್ನೆ ಕೇಳಿದರು, ಉತ್ತರ ಬಂತು. ಎಲ್ಲ ಹಂತಗಳೂ ಸರಿ, ಚೀಲ ಮಾತ್ರ ಖಾಲಿ.

2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಹಕ್ಕು. ಹಕ್ಕು ಮನುಷ್ಯರದ್ದು, ಕೋರಿಕೆಯದ್ದಲ್ಲ. ಹಾಗಿರುವಾಗ ಜಾಡು ಸರ್ವರಿನಿಂದಲ್ಲ, ಚೀಲದಿಂದ ಶುರುವಾಗಬೇಕು. ಇವತ್ತು ಎಷ್ಟು ಜನ ಬಂದರು, ಎಷ್ಟು ಜನ ಬರಿಗೈಲಿ ಮರಳಿದರು ಎಂದು ಅಂಗಡಿಯ ಬಾಗಿಲಲ್ಲೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಆದೀತು. ತೆರೆಯ ಮೇಲಿನ ಲೆಕ್ಕಕ್ಕೂ ಆ ಲೆಕ್ಕಕ್ಕೂ ಇರುವ ವ್ಯತ್ಯಾಸವೇ ನಾವು ಹುಡುಕಬೇಕಾದ ದೋಷ.