ಹರಕೆಯ ಹಣ ಯಾರಿಗೆ ಸೇರಬೇಕು?



ಬೆಟ್ಟ ಹತ್ತಿ ಬಂದವರು ಪ್ರಾರ್ಥನೆ ಮುಗಿಸಿ, ಮೊಂಬತ್ತಿ ಹಚ್ಚಿ, ಕಚೇರಿಯ ಕಿಟಕಿ ಹತ್ತಿರ ಬಂದು ಸಾಮಾನ್ಯವಾಗಿ ಮೂರು ವಿಷಯ ಕೇಳ್ತಾರೆ. ಬಲಿಪೂಜೆ ಎಷ್ಟು ಗಂಟೆಗೆ, ಕೆಳಗೆ ಹೋಗುವ ಕೊನೆ ಬಸ್ಸು ಎಷ್ಟು ಗಂಟೆಗೆ, ಹರಕೆ ಹಣ ಎಲ್ಲಿ ಕಟ್ಟೋದು. ಮೂರಕ್ಕೂ ಬೋರ್ಡ್ ಹಾಕಿದ್ದೇವೆ. ಆದರೆ ಕೆಲವರು ಬೋರ್ಡ್ ಓದಿದ ಮೇಲೂ ಹೋಗುವುದಿಲ್ಲ, ಜನ ಕಡಿಮೆ ಆಗುವ ತನಕ ಪಕ್ಕದಲ್ಲಿ ನಿಂತಿರ್ತಾರೆ. ಅಂಥವರ ಪ್ರಶ್ನೆ ಬೇರೆ ಇರ್ತದೆ. ಮಗುವಿಗೆ ಹುಷಾರಿಲ್ಲದಾಗ ಇಷ್ಟು ಕೊಡ್ತೇನೆ ಅಂತ ಹರಕೆ ಹೊತ್ತೆ, ಮಗು ಗುಣ ಆಯ್ತು. ಈಗ ಕೈಯಲ್ಲಿ ಇರುವುದು ಅಷ್ಟೇ ಹಣ. ಮನೆಯಲ್ಲಿ ತಾಯಿಗೆ ಔಷಧಿ ತರಬೇಕು, ಅಥವಾ ಕೂಲಿಯವರ ಬಾಕಿ ಇದೆ, ಅಥವಾ ತಮ್ಮನಿಗೆ ಕೊಡಬೇಕಾದ ಪಾಲು ಹಾಗೇ ಉಳಿದಿದೆ. ಇಲ್ಲಿ ಕಟ್ಟಿಬಿಡಲೇ, ಅಲ್ಲಿ ಕೊಡಲೇ? ಇಲ್ಲಿ ಕಟ್ಟದಿದ್ದರೆ ದೇವರು ಕಾಡ್ತಾನೇನೋ ಅನ್ನುವ ಭಯ ಅವರ ಮುಖದಲ್ಲೇ ಕಾಣ್ತದೆ.

ನಾನು ಪಿ.ಯು.ಸಿ. ತನಕ ಓದಿದವನು, ದೇವಶಾಸ್ತ್ರ ಕಲಿತವನಲ್ಲ. ರಸೀದಿ ಬರೆಯುವುದು ನನ್ನ ಕೆಲಸ. ಆದರೆ ದಿನಾ ಬೆಳಿಗ್ಗೆ ಬಲಿಪೂಜೆಯ ವಾಚನ ಕೇಳುವ ಭಾಗ್ಯ ಇದೆ. ಹೀಗೆ ವರ್ಷಾನುವರ್ಷ ಕೇಳ್ತಾ ಇದ್ದಾಗ ಒಂದು ಸಂಗತಿ ಗಮನಕ್ಕೆ ಬಂತು. ಈ ಪ್ರಶ್ನೆಗೆ ಉತ್ತರ ಪವಿತ್ರ ಗ್ರಂಥದಲ್ಲಿ ಒಂದು ಕಡೆ ಇಲ್ಲ, ವರ್ಷದ ಉದ್ದಕ್ಕೂ ಹರಡಿಕೊಂಡಿದೆ. ಹಬ್ಬದ ದಿನ ಮಾತ್ರ ಬಂದು ಹೋಗುವವರಿಗೆ ಅದು ಸಿಗುವುದು ಕಷ್ಟ.

ಹಿಂದೆ ಭಾನುವಾರದ ವಾಚನಗಳು ಪ್ರತಿ ವರ್ಷ ಅವೇ ಇದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ, ಪವಿತ್ರ ಗ್ರಂಥದ ಭಂಡಾರವನ್ನು ಜನರಿಗೆ ಇನ್ನಷ್ಟು ತೆರೆದಿಡಬೇಕು ಎಂದು ತೀರ್ಮಾನಿಸಿತು. ಹೊಸ ವಾಚನ ಗ್ರಂಥ 1969ರ ಆಗಮನ ಕಾಲದಿಂದ ಬಳಕೆಗೆ ಬಂತು. ಅಂದಿನಿಂದ ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಮೊದಲ ವರ್ಷ ಮತ್ತಾಯ, ಎರಡನೆಯದು ಮಾರ್ಕ, ಮೂರನೆಯದು ಲೂಕ. ಇಸವಿ ಮೂರರಿಂದ ಭಾಗವಾದರೆ ಅದು ಲೂಕನ ವರ್ಷ, 2025 ಹಾಗಿತ್ತು. ಯೊವಾನ್ನನ ಶುಭಸಂದೇಶ ಹೆಚ್ಚಾಗಿ ತಪಸ್ಸುಕಾಲದಲ್ಲೂ ಪಾಸ್ಖ ಕಾಲದಲ್ಲೂ ಬರ್ತದೆ. ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲ ವಾಚನಕ್ಕೆ ಎರಡು ವರ್ಷದ ಸುತ್ತು, ಬೆಸ ಇಸವಿಗೆ ಒಂದು, ಸರಿ ಇಸವಿಗೆ ಇನ್ನೊಂದು. ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ. ಲೆಕ್ಕ ಸ್ವಲ್ಪ ಜಾಸ್ತಿ ಆಯ್ತು, ಗುಮಾಸ್ತನ ಅಭ್ಯಾಸ, ಸಹಿಸಿಕೊಳ್ಳಿ.

ಸರಿ ಇಸವಿಯ ಜನವರಿಯಲ್ಲಿ, ಸಾಧಾರಣ ಕಾಲದ ಮೊದಲನೆಯ ವಾರ, ಹನ್ನಳ ಕಥೆ ಬರ್ತದೆ. ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಕರಾವಳಿ ಜನ ಸಿದ್ಧ ಆಗುವ ಹೊತ್ತು ಅದು. ಮಕ್ಕಳಿಲ್ಲದ ಹನ್ನ ಶಿಲೋವಿನ ದೇವಾಲಯದಲ್ಲಿ ತುಟಿ ಅಲ್ಲಾಡಿಸುತ್ತಾ ಅಳ್ತಾ ಪ್ರಾರ್ಥನೆ ಮಾಡ್ತಾಳೆ. ಯಾಜಕ ಏಲಿ ಈಕೆ ಕುಡಿದಿದ್ದಾಳೆ ಅಂತ ಗದರಿಸ್ತಾನೆ. ಗಂಡು ಮಗು ಆದರೆ ನಿನಗೇ ಒಪ್ಪಿಸ್ತೇನೆ ಎಂದು ಆಕೆ ದೇವರಿಗೆ ಹರಕೆ ಹೊರ್ತಾಳೆ, ಸಮುವೇಲ ಹುಟ್ಟಿದ ಮೇಲೆ ಹಾಲು ಬಿಡಿಸಿ ಕರೆತಂದು ಒಪ್ಪಿಸ್ತಾಳೆ. ನಮ್ಮ ತಾಯಂದಿರಿಗೆ ಈ ಕಥೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ತೊಟ್ಟಿಲು ಕಟ್ಟುವವರು, ಮುಡಿ ಕೊಡುವವರು, ಮಂಡಿಯೂರಿ ನಡೆಯುವವರು, ಎಲ್ಲರೂ ಹನ್ನಳ ಅಕ್ಕತಂಗಿಯರೇ. ಹರಕೆ ಅಂದರೆ ಅಜ್ಞಾನ, ದೇವರ ಜೊತೆ ವ್ಯಾಪಾರ ಅಂತ ಓದಿದವರು ಕೆಲವರು ನಗ್ತಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಬೇರೆ ದಾರಿ ಇಲ್ಲದ ಹೊತ್ತಲ್ಲಿ ಒಬ್ಬ ಮನುಷ್ಯ ತನ್ನ ಕೈಯಲ್ಲಿ ಇರುವುದನ್ನು ದೇವರ ಮುಂದೆ ಹಿಡಿಯುವುದು ವ್ಯಾಪಾರ ಅಲ್ಲ. ವ್ಯಾಪಾರದಲ್ಲಿ ಎರಡು ಕಡೆಗೂ ಅವಶ್ಯಕತೆ ಇರ್ತದೆ. ದೇವರಿಗೆ ನಮ್ಮ ಮೊಂಬತ್ತಿಯಿಂದ ಆಗಬೇಕಾದ್ದು ಏನೂ ಇಲ್ಲ.

ಆದರೆ ಬೆಸ ಇಸವಿಯಲ್ಲಿ, ಇಪ್ಪತ್ತನೆಯ ವಾರದ ಗುರುವಾರ, ಇನ್ನೊಂದು ಹರಕೆಯ ಕಥೆ ಓದ್ತಾರೆ. ಅದು ಬರುವುದು ಆಗಸ್ಟಿನಲ್ಲಿ, ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನೋತ್ಸವಕ್ಕೆ ಶಿವಾಜಿನಗರದ ಕಡೆಗೂ ವೇಲಾಂಕಣಿಯ ಕಡೆಗೂ ಜನ ಹೊರಡುವುದಕ್ಕೆ ಸ್ವಲ್ಪ ಮುಂಚೆ. ನ್ಯಾಯಸ್ಥಾಪಕರ ಗ್ರಂಥದ ಯೆಪ್ತಾಹ ಯುದ್ಧಕ್ಕೆ ಹೋಗುವಾಗ, ಗೆದ್ದು ಬಂದರೆ ಮನೆ ಬಾಗಿಲಿಂದ ಮೊದಲು ಎದುರು ಬಂದದ್ದನ್ನು ದಹನಬಲಿ ಕೊಡ್ತೇನೆ ಅಂತ ಹರಕೆ ಹೊರ್ತಾನೆ. ಗೆದ್ದು ಬಂದಾಗ ಕುಣಿಯುತ್ತಾ ಎದುರು ಬಂದವಳು ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು ಅಳ್ತಾನೆ, ಆದರೆ ಹರಕೆ ಹರಕೆಯೇ ಅಂತ ತೀರಿಸಿಬಿಡ್ತಾನೆ. ಈ ವಾಚನ ಆದಾಗ ಚರ್ಚಿನಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಸಂತ ಜೆರೋಮ್ ಇವನನ್ನು ಮೆಚ್ಚಲಿಲ್ಲ, ಸಂತ ತೋಮಸ್ ಅಕ್ವಿನಾಸರೂ ಮೆಚ್ಚಲಿಲ್ಲ. ವಿವೇಕ ಇಲ್ಲದೆ ಹೊತ್ತದ್ದು ಒಂದು ತಪ್ಪು, ಅದನ್ನು ತೀರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಅಂದರೆ ಹರಕೆ ತೀರಿಸುವುದೇ ಪಾಪ ಆಗುವ ಸಂದರ್ಭವೂ ಉಂಟು. ಮಾತು ಕೊಟ್ಟೆ ಅನ್ನುವ ಒಂದೇ ಕಾರಣಕ್ಕೆ ಕೆಟ್ಟ ಕೆಲಸ ಒಳ್ಳೆಯದಾಗುವುದಿಲ್ಲ.

ನಾವು ಯಾರೂ ಯೆಪ್ತಾಹನಷ್ಟು ದೂರ ಹೋಗುವುದಿಲ್ಲ ಅನ್ನಬಹುದು. ಹೌದು. ಆದರೆ ಸಾಲ ಮಾಡಿ, ಮಗಳ ಕಾಲೇಜು ಫೀಸಿಗೆ ಇಟ್ಟ ಹಣ ತೆಗೆದು ಹರಕೆ ತೀರಿಸಿದವರನ್ನು ಕಂಡಿದ್ದೇನೆ. ಪ್ರಮಾಣ ಬೇರೆ ಇರಬಹುದು, ದಾರಿ ಅದೇ.

ಯೇಸುಸ್ವಾಮಿ ಈ ವಿಷಯವನ್ನು ನೇರವಾಗಿ ಎತ್ತಿದ್ದು ಮಾರ್ಕನ ಏಳನೆಯ ಅಧ್ಯಾಯದಲ್ಲಿ. ಆಗಿನ ಕಾಲದಲ್ಲಿ 'ಕೊರ್ಬಾನ್' ಎಂಬ ಪದ್ಧತಿ ಇತ್ತು. ಒಬ್ಬ ಮಗ ತನ್ನ ತಂದೆತಾಯಿಗೆ, ನಿಮಗೆ ನನ್ನಿಂದ ಸಲ್ಲಬೇಕಾದದ್ದನ್ನು ದೇವರಿಗೆ ಕಾಣಿಕೆಯಾಗಿ ಮೀಸಲಿಟ್ಟಿದ್ದೇನೆ ಅಂದುಬಿಟ್ಟರೆ ಸಾಕು, ಮುಂದೆ ಆ ಹೆತ್ತವರಿಗೆ ಏನನ್ನೂ ಮಾಡಲು ಅವನಿಗೆ ಅವಕಾಶ ಇರುತ್ತಿರಲಿಲ್ಲ. ಹೀಗೆ ನಿಮ್ಮ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ಬರಿದು ಮಾಡಿದ್ದೀರಿ ಎಂದು ಯೇಸುಸ್ವಾಮಿ ಫರಿಸಾಯರನ್ನು ತರಾಟೆಗೆ ತೆಗೆದುಕೊಂಡರು. ಗಮನಿಸಿ: ತಂದೆತಾಯಿಯನ್ನು ಗೌರವಿಸು ಎನ್ನುವುದು ದೇವರು ಕೊಟ್ಟ ಆಜ್ಞೆ, ಕಾಣಿಕೆ ನಾವಾಗಿ ಹೊತ್ತದ್ದು. ನಾವು ಹೊತ್ತದ್ದು ಅವರು ಕೊಟ್ಟದ್ದನ್ನು ಹೊಡೆದುಹಾಕಲು ಆಗುವುದಿಲ್ಲ. ತಾಯಿಯ ಔಷಧಿಯ ಹಣ ಕಾಣಿಕೆ ಡಬ್ಬಿಗೆ ಬಂದರೆ ಅದು ದೇವರ ಹಣ ಆಗುವುದಿಲ್ಲ, ಅಮ್ಮನ ಹಣವಾಗಿಯೇ ಉಳೀತದೆ. ಕಚೇರಿಯಲ್ಲಿ ಕೂತು ಇದನ್ನು ಬರೆಯುವುದು ಸರಿಯೋ ತಪ್ಪೋ, ಯೇಸುಸ್ವಾಮಿ ಹೇಳಿದ್ದಂತೂ ಇದನ್ನೇ.

ಒಂದು ವಿಚಿತ್ರ ನೋಡಿ. ಮಾರ್ಕನ ವರ್ಷದಲ್ಲಿ ಇಪ್ಪತ್ತೆರಡನೆಯ ಭಾನುವಾರ ಇದೇ ಏಳನೆಯ ಅಧ್ಯಾಯ ಬರ್ತದೆ. ಆದರೆ ಭಾನುವಾರಕ್ಕೆ ಭಾಗಗಳನ್ನು ಆರಿಸುವಾಗ ಕೊರ್ಬಾನಿನ ವಚನಗಳು ಬಿಟ್ಟುಹೋಗಿವೆ. ಅವು ಕೇಳಿಬರುವುದು ಐದನೆಯ ವಾರದ ಮಂಗಳವಾರ, ಹೆಚ್ಚಾಗಿ ಫೆಬ್ರವರಿಯಲ್ಲಿ. ಮಂಗಳವಾರ ಬೆಳಿಗ್ಗೆ ಚರ್ಚಿಗೆ ಬರುವವರು ಎಷ್ಟು ಜನ? ಬರುವ ಮುದುಕಿಯರಿಗೆ ಅದನ್ನು ಹೇಳುವ ಅವಶ್ಯಕತೆ ಇಲ್ಲ, ಕೇಳಬೇಕಾದ ಅವರ ಮಕ್ಕಳು ಆ ಹೊತ್ತಿಗೆ ಕೆಲಸಕ್ಕೆ ಹೊರಟಿರ್ತಾರೆ. ಆದ್ದರಿಂದ ಮನೆಯಲ್ಲಿ ಬೈಬಲ್ ಇದ್ದವರು ಮಾರ್ಕನ ಏಳನೆಯ ಅಧ್ಯಾಯವನ್ನು ಪೂರ್ತಿ ಓದಿ ಎಂದು ಕೇಳಿಕೊಳ್ತೇನೆ.

ಕೂಲಿಯ ವಿಷಯವೂ ಇಷ್ಟೇ ಸ್ಪಷ್ಟ. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯ ಮಾರ್ಕನ ವರ್ಷದ ಇಪ್ಪತ್ತಾರನೆಯ ಭಾನುವಾರ ಬರ್ತದೆ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಕೂಗಿ ದೂರು ಹೇಳ್ತದಂತೆ. ಲೂಕನ ವರ್ಷದಲ್ಲಿ ಜಕ್ಕಾಯ ಮರದಿಂದ ಇಳಿದು ಬರ್ತಾನೆ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್. ದೇವಾಲಯಕ್ಕೆ ಇಷ್ಟು ಅಂತ ಅವನೂ ಹೇಳಲಿಲ್ಲ, ಯೇಸುಸ್ವಾಮಿಯೂ ಕೇಳಲಿಲ್ಲ. ಆದರೂ ಈ ಮನೆಗೆ ಇಂದು ರಕ್ಷಣೆ ಬಂತು ಎಂದರು.

ಇನ್ನು ಎದುರು ಮಾತು. ಇಷ್ಟು ಓದಿದ ಮೇಲೆ ಕೆಲವರಿಗೆ ಸಂತೋಷ ಆಗ್ತದೆ, ಹಾಗಾದರೆ ಹರಕೆ ಕೊಡಬೇಕಾಗಿಲ್ಲ, ಮನಸ್ಸೇ ದೇವಾಲಯ ಅಂತ. ಇದೂ ನನಗೆ ಒಪ್ಪಿಗೆ ಇಲ್ಲ. ಹಾಗೆ ಹೇಳಿದ ಹಲವರ ಮನೆಯಲ್ಲಿ ಆ ಹಣ ತಾಯಿಗೂ ಹೋಗಲಿಲ್ಲ, ಇಲ್ಲಿಗೂ ಬರಲಿಲ್ಲ, ಹೊಸ ಮೊಬೈಲಿಗೆ ಹೋಯ್ತು. ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದೆ ಇರುವುದೇ ಮೇಲು ಎಂಬ ಎಚ್ಚರಿಕೆ ಉಪದೇಶಕನ ಗ್ರಂಥದಲ್ಲಿದೆ. ಮತ್ತಾಯನ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಸಾಮತಿ ಇದೆ. ತಂದೆ ದ್ರಾಕ್ಷಿತೋಟಕ್ಕೆ ಹೋಗು ಅಂದಾಗ ಒಬ್ಬ ಆಗುವುದಿಲ್ಲ ಅಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ಹೋಗ್ತೇನೆ ಸ್ವಾಮಿ ಅಂದ, ಹೋಗಲೇ ಇಲ್ಲ. ಹರಕೆ ಹೊರುವಾಗ ನಾವೆಲ್ಲ ಎರಡನೆಯ ಮಗನ ಹಾಗೆ ಮಾತಾಡ್ತೇವೆ. ಕೊಟ್ಟ ಮಾತಿಗೆ ಬೆಲೆ ಇದೆ. ಪ್ರಶ್ನೆ ಇರುವುದು ಕ್ರಮದಲ್ಲಿ.

ಧರ್ಮಸಭೆ ಇದನ್ನು ಎಷ್ಟು ತಾಳ್ಮೆಯಿಂದ ಯೋಚಿಸಿದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1191ನೇ ಕಲಮಿನಿಂದ ಹರಕೆಯ ನಿಯಮಗಳು ಶುರುವಾಗ್ತವೆ. ಸ್ವತಂತ್ರವಾಗಿ, ಯೋಚಿಸಿ, ಸಾಧ್ಯವಾದ ಮತ್ತು ಹೆಚ್ಚು ಒಳ್ಳೆಯದಾದ ಒಂದು ಸಂಗತಿಯನ್ನು ದೇವರಿಗೆ ಮಾತು ಕೊಡುವುದು ಹರಕೆ; ಅದನ್ನು ತೀರಿಸಬೇಕು. ಹೆದರಿಸಿ ಹೊರಿಸಿದ್ದು ಹರಕೆಯೇ ಅಲ್ಲ. ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟಿಹಾಕುತ್ತದೆ, ಬೇರೆಯವರನ್ನಲ್ಲ. ನನ್ನ ಮಗ ಹತ್ತು ವರ್ಷ ಬರಿಗಾಲಲ್ಲಿ ಬೆಟ್ಟ ಹತ್ತುತ್ತಾನೆ ಅಂತ ತಾಯಿ ಹೊತ್ತರೆ ಮಗ ಬರಬಹುದು, ಬರದಿದ್ದರೆ ಅವನ ಮೇಲೆ ಯಾವ ಶಾಪವೂ ಇಲ್ಲ. ಹಾಗಾದರೆ ಹನ್ನ ಮಗನನ್ನೇ ಒಪ್ಪಿಸಿದಳಲ್ಲ ಎಂದು ಕೇಳಬಹುದು. ಒಪ್ಪಿಸಿದಳು, ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿ ದೇವರು ಸಮುವೇಲನನ್ನೇ ಹೆಸರು ಹಿಡಿದು ಕರೀತಾರೆ. ಹುಡುಗ ಏಲಿ ಕರೆದನೆಂದು ಮೂರು ಸಲ ಓಡಿಹೋಗ್ತಾನೆ. ಅವನು ತಾನಾಗಿ ಉತ್ತರ ಕೊಡುವ ತನಕ ದೇವರು ಕಾದರು.

ಮುಖ್ಯವಾದದ್ದು 1196 ಮತ್ತು 1197. ನ್ಯಾಯವಾದ ಕಾರಣ ಇದ್ದು, ಇನ್ನೊಬ್ಬರ ಹಕ್ಕಿಗೆ ಧಕ್ಕೆ ಬರದಿದ್ದರೆ, ಖಾಸಗಿ ಹರಕೆಯಿಂದ ವಿಚಾರಣಾ ಗುರುಗಳು ಬಿಡುಗಡೆ ಕೊಡಬಹುದು. ತಮ್ಮ ಧರ್ಮಕೇಂದ್ರದವರಿಗೆ ಮಾತ್ರ ಅಲ್ಲ, ಬೇರೆ ಊರಿಂದ ಬಂದ ಪ್ರಯಾಣಿಕರಿಗೂ. ಇನ್ನೂ ಒಂದು: ಹೊತ್ತ ಹರಕೆಯನ್ನು ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಒಳ್ಳೆಯ ಕಾರ್ಯಕ್ಕೆ ಹೊತ್ತವರೇ ಬದಲಾಯಿಸಿಕೊಳ್ಳಬಹುದು. ಕಡಿಮೆಯದಕ್ಕೆ ಬದಲಾಯಿಸಬೇಕಾದರೆ ಮಾತ್ರ ಗುರುಗಳ ಅಪ್ಪಣೆ ಬೇಕು. ಆದ್ದರಿಂದ ಹೆದರಿಕೊಂಡು ಮೂಲೆಯಲ್ಲಿ ನಿಲ್ಲಬೇಡಿ. ಪಾಪನಿವೇದನೆಗೆ ಬಂದಾಗ ಗುರುಗಳಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಂದೆ ಹರಕೆ ಹೊರುವವರಿಗೂ ಒಂದು ಮಾತು: ಹಣದ ಮೊತ್ತ ಹೇಳುವುದಕ್ಕಿಂತ ನೀವೇ ಮಾಡಬಹುದಾದ ಕೆಲಸ ಹೇಳಿ. ಒಂದು ವರ್ಷ ಕುಡಿಯುವುದಿಲ್ಲ, ತಿಂಗಳಿಗೊಮ್ಮೆ ಅತ್ತೆಯನ್ನು ನೋಡಿ ಬರ್ತೇನೆ, ಹೀಗೆ. ಅದಕ್ಕೆ ನಾವು ರಸೀದಿ ಕೊಡಲು ಬರುವುದಿಲ್ಲ, ಅಷ್ಟೇ.

ತಪಸ್ಸುಕಾಲ ಬಂದಾಗ ಈ ವಾಚನಗಳೆಲ್ಲ ಒಟ್ಟಿಗೆ ಮೇಲೆ ಬೀಳ್ತವೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಹೊತ್ತಿಗೇ, ದಾನಧರ್ಮ ಗುಟ್ಟಾಗಿರಲಿ, ಉಪವಾಸ ಮುಖದಲ್ಲಿ ಕಾಣದಿರಲಿ ಎಂಬ ಶುಭಸಂದೇಶ ಕೇಳ್ತೇವೆ. ಎರಡು ದಿನ ಕಳೆದು ಶುಕ್ರವಾರ ಯೆಶಾಯನ 58ನೇ ಅಧ್ಯಾಯ. ಉಪವಾಸದ ದಿನವೇ ಆಳುಗಳನ್ನು ಹಿಂಡುತ್ತೀರಲ್ಲ ಎಂದು ದೇವರು ಕೇಳ್ತಾರೆ. ಮರು ವಾರದ ಸೋಮವಾರ ಮತ್ತಾಯನ 25ನೇ ಅಧ್ಯಾಯ, ಹಸಿದವನಿಗೆ ಕೊಟ್ಟದ್ದು ನನಗೇ ಕೊಟ್ಟದ್ದು ಎಂಬ ತೀರ್ಪಿನ ದಿನದ ಮಾತು. ಆ ವಾರದ ಶುಕ್ರವಾರ ಮತ್ತಾಯನ ಐದನೆಯ ಅಧ್ಯಾಯ. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ರಾಜಿ ಮಾಡಿಕೊಂಡು ಆಮೇಲೆ ಬಂದು ಅರ್ಪಿಸು.

ಈ ಕೊನೆಯ ವಾಕ್ಯದಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು. ನಿನಗೆ ಅವನ ಮೇಲೆ ಬೇಸರ ಇದ್ದರೆ ಅಂತ ಇಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ. ಜಮೀನಿನ ಪಾಲು ಕಡಿಮೆ ಬಂದವನು ಅವನು, ನಡೆದು ಹೋಗಬೇಕಾದವನು ನೀನು. ಎರಡನೆಯದು, ಕಾಣಿಕೆಯನ್ನು ವಾಪಸ್ ತೆಗೆದುಕೊಂಡು ಹೋಗು ಎಂದು ಹೇಳಿಲ್ಲ. ಅದು ಬಲಿಪೀಠದ ಮುಂದೆ ಕಾದಿರಲಿ. ಅಂದರೆ ಹರಕೆ ರದ್ದಾಗಲಿಲ್ಲ, ಅದರ ಸರದಿ ಮಾತ್ರ ಹಿಂದೆ ಹೋಯ್ತು.

ಯೇಸುಸ್ವಾಮಿ ಇದನ್ನು ಹೇಳಿದ್ದು ಗಲಿಲೇಯದಲ್ಲಿ, ಬೆಟ್ಟದ ಮೇಲೆ ಕುಳಿತು. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆಗ ಬಸ್ಸು ಇಲ್ಲ, ಹೋಗಲು ಮೂರು ನಾಲ್ಕು ದಿನ ನಡೆಯಬೇಕು. ಬಲಿಪೀಠದ ಮುಂದೆ ನಿಂತಾಗ ನೆನಪಾದರೆ, ಅಷ್ಟು ದೂರ ವಾಪಸ್ ನಡೆದು ಊರಿಗೆ ಹೋಗಿ, ಅಣ್ಣನ ಮನೆ ಬಾಗಿಲು ತಟ್ಟಿ, ಮತ್ತೆ ಅಷ್ಟೇ ದೂರ ನಡೆದು ಬರಬೇಕು. ಕೇಳುತ್ತಾ ಕೂತಿದ್ದ ಗಲಿಲೇಯದ ಬೆಸ್ತರಿಗೂ ರೈತರಿಗೂ ಆ ದಾರಿಯ ಉದ್ದ ಚೆನ್ನಾಗಿ ಗೊತ್ತಿತ್ತು.